ತುಮಕೂರಿನ ಜೋಲಿಯಿಂದ ಹಡಗಿನ ತೊಟ್ಟಿಲಿಗೆ: ಕೂಸಿನ ಜೊತೆ ಕ್ರೂಸ್ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಮಗಳಿಗೆ ಏಳು ತಿಂಗಳಿದ್ದಾಗ ಮನೆಯಲ್ಲಿ ಕ್ರೂಸ್, ಅಂದರೆ ಹಡಗಿನಲ್ಲೇ ಉಳಿದು ಸುತ್ತುವ ಪ್ರವಾಸದ ಮಾತು ಎದ್ದಿತು. ರಾಗಿ ಹಸನು ಮಾಡುತ್ತಾ ಕೂತಿದ್ದ ನಮ್ಮತ್ತೆ ಮೊರ ಕೆಳಗಿಟ್ಟು, "ಹಲ್ಲೇ ಬಂದಿಲ್ಲ ಕೂಸಿಗೆ, ಸಮುದ್ರದ ಮಧ್ಯಕ್ಕೆ ಕರ್ಕೊಂಡು ಹೋಗ್ತೀರಾ?" ಅಂದರು. ತುಮಕೂರಿನವರಿಗೆ ನೀರು ಅಂದರೆ ಅಮಾನಿಕೆರೆ, ಅದೂ ಮಳೆ ಚೆನ್ನಾಗಿ ಆದ ವರ್ಷ. ಅವರ ಭಯ ತಪ್ಪೇನಲ್ಲ.

ಹತ್ತೂವರೆ ತಿಂಗಳಿಗೆ ಹೋಗಿ ಬಂದೆವು, ಅತ್ತೆಯೂ ಜೊತೆಗೆ. ಅಲೆ ನಮ್ಮನ್ನು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ಹಡಗಿನಲ್ಲಿ ಜೋಲಿ ಕಟ್ಟೋಕೆ ಕೊಂಡಿ ಇಲ್ಲದ್ದು, ರಾಗಿ ಸರಿ ಕಾಯಿಸೋಕೆ ಒಲೆ ಇಲ್ಲದ್ದು, ಕಾಲು ನೀಡಿ ಕೂತು ಮಗುವಿಗೆ ನೀರು ಹಾಕೋಕೆ ಜಾಗ ಇಲ್ಲದ್ದು. ಇದು ಮೊದಲೇ ಗೊತ್ತಿದ್ದರೆ ಹದಿನೈದು ದಿನ ಮನೆಯಲ್ಲೇ ಅಭ್ಯಾಸ ಮಾಡಿಸಬಹುದಿತ್ತು. ನಾವು ಮಾಡಿದ್ದು ಅರ್ಧ, ಕಲಿತದ್ದು ಪೂರ್ತಿ. ಅದಕ್ಕೇ ಈ ಬರಹದಲ್ಲಿ ಹಡಗಿಗಿಂತ ಮನೆಯ ಮಾತೇ ಜಾಸ್ತಿ.

ಮೊದಲ ಹೆಜ್ಜೆ: ವಯಸ್ಸು, ಹಡಗು, ಕಾಲ

ಹೆಚ್ಚಿನ ಕ್ರೂಸ್ ಕಂಪನಿಗಳು ಆರು ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ದಡ ಕಾಣದೆ ಸತತ ಮೂರು ದಿನ, ಅದಕ್ಕಿಂತ ಹೆಚ್ಚು ಸಮುದ್ರದಲ್ಲೇ ಇರುವ ದೂರದ ಯಾನವಾದರೆ ಒಂದು ವರ್ಷ ತುಂಬಿರಬೇಕು ಅನ್ನುತ್ತಾರೆ. ಈ ಲೆಕ್ಕ ಹಡಗು ಹೊರಡುವ ದಿನದ್ದು, ಟಿಕೆಟ್ ಮಾಡಿಸಿದ ದಿನದ್ದಲ್ಲ. ಮಗುವಿನ ಜೊತೆ ಬಸುರಿ ಯಾರಾದರೂ ಬರುವವರಿದ್ದರೆ ಅವರಿಗೂ ಮಿತಿ ಇದೆ: ಸಾಮಾನ್ಯವಾಗಿ 24 ವಾರ ತಲುಪಿದವರನ್ನು ಹತ್ತಿಸುವುದಿಲ್ಲ.

ನನ್ನನ್ನು ಕೇಳಿದರೆ ಒಂಬತ್ತು ತಿಂಗಳ ಮೇಲೆ ಹೋಗಿ. ಒಂಬತ್ತಕ್ಕೆ ದಡಾರ, ರುಬೆಲ್ಲಾ ತಡೆಯುವ ಎಮ್‌ಆರ್ ಲಸಿಕೆಯ ಮೊದಲ ಡೋಸ್ ಬೀಳುತ್ತದೆ. ಸಾವಿರಾರು ಜನ ಒಂದೇ ಸೂರಿನಡಿ ಓಡಾಡುವ ಜಾಗಕ್ಕೆ ದಡಾರದ ರಕ್ಷಣೆ ಇಲ್ಲದ ಕೂಸನ್ನು ಒಯ್ಯಲು ನನಗಂತೂ ಧೈರ್ಯ ಬರಲಿಲ್ಲ. ಅದಕ್ಕೂ ಮುಂಚೆ ವಿದೇಶಕ್ಕೆ ಹೋಗಲೇಬೇಕಾದರೆ ಮುಂಗಡ ಡೋಸ್ ಕೊಡಬಹುದೇ ಎಂದು ಮಕ್ಕಳ ಡಾಕ್ಟರನ್ನು ಕೇಳಿ. ಇನ್ನೊಂದು ಕಡೆ, ಮಗು ಓಡಲು ಕಲಿತ ಮೇಲೆ ಹೋದರೆ ಇಡೀ ಪ್ರವಾಸ ಅದರ ಹಿಂದೆ ಓಡುವುದರಲ್ಲೇ ಮುಗಿಯುತ್ತದೆ. ಒಂಬತ್ತರಿಂದ ಹನ್ನೆರಡು, ಅಂಬೆಗಾಲಿನ ಕಾಲ, ಹದವಾದದ್ದು.

ನಮ್ಮ ಕಡೆಯವರಿಗೆ ದಾರಿ ಮುಖ್ಯವಾಗಿ ಮೂರು. ಮೊದಲನೆಯದು ಮುಂಬೈ. ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಅಲ್ಲಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುತ್ತದೆ. 1990ರಲ್ಲಿ ಕಟ್ಟಿದ ಹಡಗು, ಈಗಿನ ದೈತ್ಯ ಹಡಗುಗಳ ಮುಂದೆ ಚಿಕ್ಕದು. ಕೂಸು ಹೊತ್ತವರಿಗೆ ಅದೇ ಅನುಕೂಲ, ಕೋಣೆಯಿಂದ ಊಟದ ಜಾಗಕ್ಕೆ ಮೈಲಿಗಟ್ಟಲೆ ನಡೆಯಬೇಕಿಲ್ಲ. ಎರಡನೆಯದು ಚೆನ್ನೈ. ಜೂನ್ 2023ರಲ್ಲಿ ಇದೇ ಹಡಗು ಚೆನ್ನೈನಿಂದ ಶ್ರೀಲಂಕಾಕ್ಕೆ ಹೊರಟಿತ್ತು. ಕೋಲಾರದವರಿಗೆ ಬಂಗಾರಪೇಟೆಯಲ್ಲಿ ಚೆನ್ನೈ ರೈಲು ಹತ್ತುವುದು ಬೆಂಗಳೂರಿಗೆ ಹೋಗಿ ವಿಮಾನ ಹಿಡಿಯುವುದಕ್ಕಿಂತ ಹಗುರ. ಮೂರನೆಯದು ಸಿಂಗಪುರ, ದೊಡ್ಡ ಹಡಗು, ದೊಡ್ಡ ಖರ್ಚು.

ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಒರಟು, ಆ ತಿಂಗಳುಗಳಲ್ಲಿ ಪಶ್ಚಿಮದ ಕಡೆ ಯೋಚಿಸಲೇಬೇಡಿ. ಅಲ್ಲಿ ನವೆಂಬರ್‌ನಿಂದ ಫೆಬ್ರವರಿ ಹೆಚ್ಚಾಗಿ ಶಾಂತ. ಮೊದಲ ಸಲಕ್ಕೆ ಎರಡು ರಾತ್ರಿ, ಹೆಚ್ಚೆಂದರೆ ಮೂರು. ಲಕ್ಷದ್ವೀಪ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಅಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ದಾಟಿಕೊಂಡು ದ್ವೀಪಕ್ಕೆ ಹೋಗಬೇಕು. ತೂಗಾಡುವ ದೋಣಿಗೆ ಕೂಸನ್ನು ಕೈಯಿಂದ ಕೈಗೆ ಕೊಡುವ ಆ ಒಂದು ಗಳಿಗೆ ನನಗೆ ಬೇಡ ಅನಿಸಿತು. ಹಡಗು ನೇರವಾಗಿ ಬಂದರಿನ ಕಟ್ಟೆಗೆ ಬಂದು ನಿಲ್ಲುವ ಊರುಗಳನ್ನೇ ಆರಿಸಿ.

ಎರಡನೇ ಹೆಜ್ಜೆ: ಕಾಗದಪತ್ರ

ದೇಶದೊಳಗಿನ ಯಾನಕ್ಕೆ ಮಗುವಿನ ಜನನ ಪ್ರಮಾಣಪತ್ರ ಮತ್ತು ಬಾಲ ಆಧಾರ್ ಇಟ್ಟುಕೊಳ್ಳಿ. ಐದು ವರ್ಷದೊಳಗಿನವರಿಗೆ ಕೊಡುವ ನೀಲಿ ಆಧಾರ್‌ಗೆ ಬೆರಳಚ್ಚು ಬೇಕಿಲ್ಲ. ಮಗುವಿನ ಫೋಟೊ, ಜನನ ಪ್ರಮಾಣಪತ್ರ, ಅಪ್ಪ ಅಥವಾ ಅಮ್ಮನ ಆಧಾರ್ ಸಾಕು. ವಿಮಾನದಲ್ಲೂ ಎರಡು ವರ್ಷದೊಳಗಿನ ಮಗು ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ.

ಜನರು ಎಡವುವುದು ಇಲ್ಲೇ. ಆಸ್ಪತ್ರೆಯಿಂದ ಬಂದ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತದೆ, ಏಕೆಂದರೆ ನಾಮಕರಣ ಆಗುವುದೇ ಮೂರು ತಿಂಗಳಿಗೋ ಐದು ತಿಂಗಳಿಗೋ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಕೂಗಿ, ಊಟ ಬಡಿಸಿ ಮುಗಿಯುತ್ತದೆ. ಆ ಹೆಸರನ್ನು ಪಾಲಿಕೆಗೆ ಹೇಳಲು ಎಲ್ಲರೂ ಮರೆಯುತ್ತಾರೆ. ಹುಟ್ಟಿದ ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ ವಿಳಂಬ ಶುಲ್ಕ ಕಟ್ಟಬೇಕು. ಇದಾಗದೆ ಪಾಸ್‌ಪೋರ್ಟ್ ಅರ್ಜಿ ಮುಂದೆ ಹೋಗದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ.

ಶ್ರೀಲಂಕಾ, ಸಿಂಗಪುರ ಅಂದರೆ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಅದರ ಆಯುಸ್ಸು ಐದು ವರ್ಷ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ, ಅಂದರೆ ಮಗುವಿನ ಪಾಸ್‌ಪೋರ್ಟಿಗೆ ಒಪ್ಪಿಗೆಯ ಪತ್ರ, ಲಗತ್ತಿಸಬೇಕು. 36 ಪುಟದ ಪುಸ್ತಕಕ್ಕೆ ಮಕ್ಕಳ ಶುಲ್ಕ 1,000 ರೂಪಾಯಿ. ಎಂಟು ವರ್ಷದೊಳಗಿನವರ ಹೊಸ ಅರ್ಜಿಗೆ ಶೇ. 10 ರಿಯಾಯಿತಿ ಕಳೆದು 900. ತುಮಕೂರಿನವರಿಗೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವೇ ಇರುವುದರಿಂದ ಕೂಸು ಎತ್ತಿಕೊಂಡು ಬೆಂಗಳೂರಿಗೆ ಓಡಬೇಕಿಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊ ನೀವೇ ಒಯ್ಯಬೇಕು: ಬಿಳಿ ಹಿನ್ನೆಲೆ, ಕಣ್ಣು ತೆರೆದಿರಬೇಕು. ನಮ್ಮತ್ತೆ ಸ್ಟುಡಿಯೋ ಬಾಗಿಲಲ್ಲೇ ಮಗುವಿನ ಕೆನ್ನೆಗೆ ದಪ್ಪ ದೃಷ್ಟಿಬೊಟ್ಟು ಇಟ್ಟಿದ್ದರು. ಫೋಟೊಗ್ರಾಫರ್ ಒರೆಸಿದ, ಇವರು ಮತ್ತೆ ಇಟ್ಟರು, ಮಗು ಅತ್ತಿತು. ಅವತ್ತಿನ ಹದಿನೆಂಟು ಫೋಟೊಗಳಲ್ಲಿ ಒಂದೇ ಒಂದು ಕೆಲಸಕ್ಕೆ ಬಂತು.

ಸಿಂಗಪುರಕ್ಕೆ ಹೋಗುವವರು ಒಂದು ಮಾತು ನೆನಪಿಡಿ. ಹಡಗು ಮಲೇಷ್ಯಾ ಕಡೆ ಹೋಗಿ ಮತ್ತೆ ಸಿಂಗಪುರಕ್ಕೇ ಬರುತ್ತದೆ. ಅಂದರೆ ನೀವು ಆ ದೇಶದೊಳಗೆ ಎರಡು ಸಲ ಕಾಲಿಟ್ಟಂತೆ. ಮಗುವಿನದ್ದೂ ಸೇರಿ ಎಲ್ಲರ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವಂಥದ್ದೇ ಆಗಿರಲಿ.

ಮೂರನೇ ಹೆಜ್ಜೆ: ಕೋಣೆ ಆರಿಸುವುದು

"ಕೂಸು ತಾನೇ, ಮಡಿಲಲ್ಲಿರುತ್ತೆ" ಅನ್ನುವ ಬಸ್ಸಿನ ಲೆಕ್ಕ ಹಡಗಿಗೆ ನಡೆಯುವುದಿಲ್ಲ. ಹಡಗಿನಲ್ಲಿ ಮಗುವೂ ಒಂದು ತಲೆ. ಪ್ರಾಣರಕ್ಷಕ ದೋಣಿಗಳಲ್ಲಿ ಎಷ್ಟು ಜಾಗ ಇದೆ ಅನ್ನುವುದರ ಮೇಲೆ ತಲೆ ಎಣಿಕೆ ನಿಂತಿರುತ್ತದೆ. ಇಬ್ಬರ ಕೋಣೆಗೆ ಮೂರನೆಯವಳಾಗಿ ಮಗುವನ್ನು ಸೇರಿಸಲು ಆಗುವುದಿಲ್ಲ, ಮೂರು ಅಥವಾ ನಾಲ್ಕು ಮಂಚದ ಕೋಣೆ ಹಿಡಿಯಬೇಕು. ನಮ್ಮ ಟ್ರಾವೆಲ್ ಏಜೆಂಟ್ ಇದನ್ನು ಹೇಳದೆ ಎರಡು ಚಿಕ್ಕ ಕೋಣೆ ಬುಕ್ ಮಾಡಿದ್ದ. ಹೊರಡಲು ಒಂದು ವಾರ ಇರುವಾಗ ಬದಲಾಯಿಸಬೇಕಾಗಿ ಬಂದು ವ್ಯತ್ಯಾಸದ ಹಣ ನಮ್ಮ ಕೈಯಿಂದಲೇ ಹೋಯಿತು.

ಹುಟ್ಟಿದ ದಿನಾಂಕ ಸರಿಯಾಗಿ ಕೊಡುವುದಕ್ಕೆ ಇನ್ನೊಂದು ಕಾರಣ ಇದೆ. 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಕೂಸಿಗೂ ಒಂದು ಪುಟ್ಟ ಲೈಫ್ ಜಾಕೆಟ್ ಇರಲೇಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮ. ನೀವು ಕೊಟ್ಟ ವಯಸ್ಸಿನ ಮೇಲೆಯೇ ಆ ಲೆಕ್ಕ.

ಹಡಗಿನ ನಕ್ಷೆ ತೆರೆದು ನೋಡಿ. ಕೆಳಗಿನ ಅಂತಸ್ತು, ನಡುಭಾಗ: ಅಲ್ಲಿ ತೂಗಾಟ ಕಡಿಮೆ. ನಿಮ್ಮ ಕೋಣೆಯ ಮೇಲೆ ಕೆಳಗೆ ಏನಿದೆ ಅಂತಲೂ ನೋಡಿ. ನಾಟ್ಯಶಾಲೆಯೋ ಡಿಸ್ಕೋವೋ ಇದ್ದರೆ ರಾತ್ರಿ ಒಂದರವರೆಗೆ ಢಂ ಢಂ. ಬಾಲ್ಕನಿಗೆ ದುಡ್ಡು ಸುರಿಯಬೇಡಿ. ಅಂಬೆಗಾಲಿಡುವ ಮಗು ಇರುವ ತನಕ ಆ ಬಾಗಿಲು ತೆರೆಯುವುದೇ ಇಲ್ಲ. ಕಿಟಕಿಯಿಲ್ಲದ ಒಳಗೋಣೆ ಅಗ್ಗ, ಮೇಲಾಗಿ ಹಗಲಲ್ಲೂ ಕಗ್ಗತ್ತಲು. ನಮ್ಮ ಮಗಳು ಹುಟ್ಟಿದ ಮೇಲೆ ಅಷ್ಟು ಸೊಗಸಾಗಿ ಮಧ್ಯಾಹ್ನದ ನಿದ್ದೆ ಮಾಡಿದ್ದು ಅಲ್ಲೇ. ಮಗುವಿನ ಮಂಚ ಬೇಕೆಂದು ಬುಕ್ ಮಾಡುವಾಗಲೇ ಬರೆಸಿ, ಎಣಿಕೆಯಷ್ಟೇ ಇರುತ್ತವೆ.

ನಾಲ್ಕನೇ ಹೆಜ್ಜೆ: ಹದಿನೈದು ದಿನ ಮನೆಯಲ್ಲೇ ತಾಲೀಮು

ಜೋಲಿಯಿಂದ ಶುರು ಮಾಡಿ. ನಮ್ಮ ಮನೆಗಳಲ್ಲಿ ತೊಲೆಗೋ ಚಾವಣಿಯ ಕೊಂಡಿಗೋ ಹಳೇ ಸೀರೆ ಕಟ್ಟಿ ತೂಗಿದರೆ ಮಾತ್ರ ಕೂಸಿಗೆ ನಿದ್ದೆ. ಹಡಗಿನ ಚಾವಣಿ ನುಣ್ಣಗೆ, ತಗ್ಗಾಗಿ, ಅಲ್ಲಲ್ಲಿ ನೀರು ಚಿಮ್ಮಿಸುವ ಬೆಂಕಿ ನಂದಿಸುವ ನಳಿಕೆ. ಅದಕ್ಕೆ ಅಪ್ಪಿತಪ್ಪಿಯೂ ಏನನ್ನೂ ಕಟ್ಟಬೇಡಿ. ಹದಿನೈದು ದಿನ ಮುಂಚೆ ಹಗಲಿನ ಒಂದು ನಿದ್ದೆಯನ್ನು ನೆಲದ ಹಾಸಿಗೆಯ ಮೇಲೆ ಮಾಡಿಸಿ. ಮೊದಲು ಜೋಲಿಯಲ್ಲಿ ಜೊಂಪು ಹತ್ತಿದ ಮೇಲೆ ಕೆಳಗೆ ಮಲಗಿಸಿ, ನಾಲ್ಕು ದಿನದ ನಂತರ ತೊಡೆ ಮೇಲೆ ತಟ್ಟಿ ಮಲಗಿಸಿ, ವಾರದ ನಂತರ ರಾತ್ರಿಯದ್ದೂ. ನಾವು ಹಗಲಿನದ್ದನ್ನು ಕಲಿಸಿದೆವು, ರಾತ್ರಿಯದ್ದನ್ನು "ಅಲ್ಲಿಗೆ ಹೋದ ಮೇಲೆ ನೋಡೋಣ" ಅಂದೆವು. ಮೊದಲ ರಾತ್ರಿ ಎರಡು ಗಂಟೆಗೆ ನಾನು ಒಂದು ತುದಿ, ನಮ್ಮವರು ಒಂದು ತುದಿ ಹಿಡಿದು ಬೆಡ್‌ಶೀಟಿನಲ್ಲಿ ಮಗಳನ್ನು ತೂಗುತ್ತಾ ನಿಂತಿದ್ದೆವು. ಹಡಗು ತಾನೇ ತೂಗುತ್ತಿತ್ತು, ಅವಳಿಗೆ ಅದು ಸಾಲಲಿಲ್ಲ.

ಆಮೇಲೆ ರಾಗಿ ಸರಿ. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು ಎಷ್ಟೇ ಚೆನ್ನಾಗಿದ್ದರೂ ಒಲೆಯ ಮೇಲೆ ಬೇಯಲೇಬೇಕು. ಬಿಸಿನೀರು ಸುರಿದು ಕಲಸಿದರೆ ಹಸಿ ಹಿಟ್ಟೇ. ಕೋಣೆಯಲ್ಲಿ ಒಲೆ ಇಲ್ಲ, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆಯಂಥ ಕಾಯುವ ಸಾಮಾನು ಒಯ್ಯಲು ಬಿಡುವುದಿಲ್ಲ, ಬಂದರಿನ ಸ್ಕ್ಯಾನರಿನಲ್ಲೇ ತೆಗೆದಿಡುತ್ತಾರೆ. ಮನೆಯಲ್ಲಿ ಮಾಡಿದ ತಿಂಡಿಗೂ ಹೆಚ್ಚಿನ ಹಡಗುಗಳಲ್ಲಿ ತಡೆ ಇದೆ, ಸೀಲ್ ಒಡೆಯದ ಅಂಗಡಿಯ ಪ್ಯಾಕೆಟ್ಟಿಗೆ ಅಡ್ಡಿ ಇಲ್ಲ. ಹಾಗಾಗಿ ಬಿಸಿನೀರಿಗೆ ಕಲಸಿದರೆ ಸಾಕಾಗುವ ರಾಗಿ ಅಥವಾ ಅಕ್ಕಿಯ ರೆಡಿ ಮಿಕ್ಸ್ ತಂದು ಎರಡು ವಾರ ಮುಂಚೆಯೇ ದಿನಕ್ಕೊಂದು ಹೊತ್ತು ತಿನ್ನಿಸಿ ನೋಡಿ. ಹೊಸ ರುಚಿಯನ್ನು ಮಗು ಸಮುದ್ರದ ಮಧ್ಯೆ ಉಗಿದರೆ ನಿಮ್ಮ ಕೈಲಿ ಬೇರೇನೂ ಇರುವುದಿಲ್ಲ.

ಹಡಗಿನ ಊಟದಲ್ಲಿ ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಮೊಸರು ಸಿಗುತ್ತವೆ. ಮೊದಲ ಊಟದ ಹೊತ್ತಿಗೇ ಬಡಿಸುವವರ ಹತ್ತಿರ ಉಪ್ಪು ಖಾರ ಹಾಕುವ ಮುಂಚೆ ಬೇಳೆ ತೆಗೆದಿಡಲು ಹೇಳಿ. ನಮಗೆ ಸಿಕ್ಕವರು ಎರಡನೇ ದಿನ ಕೇಳದೆಯೇ ಪುಟ್ಟ ಬಟ್ಟಲಿನಲ್ಲಿ ತಂದಿಟ್ಟರು. ಒಂದು ವರ್ಷ ತುಂಬುವ ತನಕ ಜೇನುತುಪ್ಪ ಮಾತ್ರ ಬೇಡ, ಅತ್ತೆ ಎಷ್ಟು ಹೇಳಿದರೂ.

ಪುಡಿಹಾಲು ಕುಡಿಯುವ ಮಗುವಾದರೆ 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಬೆರೆಸಿ, ಆರಿಸಿ, ಎರಡು ಗಂಟೆಯೊಳಗೆ ಕುಡಿಸಬೇಕು, ಉಳಿದದ್ದು ಚೆಲ್ಲಬೇಕು. ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಇದ್ದರೆ ಊಟದ ಜಾಗದಲ್ಲಿ ಕುದಿಯುವ ನೀರು ತುಂಬಿಸಿಕೊಂಡು ಬರಬಹುದು. ಬಾಟಲಿ ಕುದಿಸಲು ದಾರಿ ಇಲ್ಲ ಅಂತ ಚಿಂತೆಯೇ? ನಮ್ಮಜ್ಜಿಯ ಬೆಳ್ಳಿ ಒಳಲೆ ಮನೆಯಲ್ಲಿತ್ತು. ಅದನ್ನು ಬಿಟ್ಟು ಸ್ಟೀಲಿನದ್ದೊಂದು ಕೊಂಡೆ. ಮೂಲೆ ಮುಡುಕು ಇಲ್ಲದ ಪಾತ್ರೆ, ಸೋಪು ಹಾಕಿ ತಿಕ್ಕಿ ಫ್ಲಾಸ್ಕಿನ ಬಿಸಿನೀರು ಹುಯ್ದರೆ ಆಯಿತು. ಆದರೆ ಒಳಲೆಯಲ್ಲಿ ಕುಡಿಯುವುದನ್ನೂ ಮಗು ಮೊದಲೇ ಕಲಿತಿರಬೇಕು.

ಸ್ನಾನ. ಹಡಗಿನ ಬಚ್ಚಲು ಎಷ್ಟು ಚಿಕ್ಕದೆಂದರೆ ಅತ್ತೆ ಒಳಗೆ ಹೋಗಿ ಕಾಲು ನೀಡಲು ನೋಡಿದರು, ಮೊಣಕಾಲು ಮಡಚಿಯೇ ಉಳಿಯಿತು. ಕಾಲ ಮೇಲೆ ಕವುಚಿ ಮಲಗಿಸಿ, ಎಣ್ಣೆ ತಿಕ್ಕಿ, ಚೆಂಬಿನಲ್ಲಿ ಬಿಸಿನೀರು ಹುಯ್ಯುವ ನಮ್ಮ ಸ್ನಾನ ಅಲ್ಲಿ ಸಾಧ್ಯವಿಲ್ಲ. ಎಣ್ಣೆ ನೆಲಕ್ಕೆ ಬಿದ್ದರಂತೂ ತೂಗುವ ಹಡಗಿನಲ್ಲಿ ಜಾರಿ ಬೀಳುವುದು ಖಂಡಿತ. ಗಾಳಿ ತುಂಬುವ ಪುಟ್ಟ ಟಬ್ ಒಯ್ಯಿರಿ, ಅಥವಾ ಎರಡು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ; ಮಗು ಏನೂ ಸೊರಗುವುದಿಲ್ಲ. ಷವರಿನ ಸದ್ದಿಗೆ ಹೆದರುವ ಮಕ್ಕಳಿರುತ್ತಾರೆ, ಮನೆಯಲ್ಲೇ ಒಂದೆರಡು ಸಲ ತೋರಿಸಿ. ಸ್ನಾನದ ನಂತರದ ಸಾಂಬ್ರಾಣಿ ಹೊಗೆ, ಸಂಜೆ ಪೊರಕೆ ಕಡ್ಡಿ ನಿವಾಳಿಸಿ ಹಚ್ಚುವುದು, ಊದುಬತ್ತಿ ಎಲ್ಲವೂ ನಿಷಿದ್ಧ. ಹಡಗಿನವರು ಅತಿ ಹೆಚ್ಚು ಹೆದರುವುದು ಬೆಂಕಿಗೆ, ಅಲೆಗೆ ಆಮೇಲೆ. ಇದನ್ನು ಹಿರಿಯರಿಗೆ ಊರಲ್ಲೇ ಹೇಳಿ ಒಪ್ಪಿಸಿ. ನಮ್ಮತ್ತೆ ಒಂದು ಹಿಡಿ ಉಪ್ಪನ್ನು ನಿವಾಳಿಸಿ ಕಾಗದದಲ್ಲಿ ಕಟ್ಟಿಟ್ಟುಕೊಂಡು, ಊರಿಗೆ ಬಂದು ನೀರಿಗೆ ಹಾಕಿದರು. ಅದಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ.

ಮತ್ತೆ, ಒಂದು ಭಾನುವಾರ ದೇವರಾಯನದುರ್ಗದ ತಿರುವುಗಳಲ್ಲಿ ಕಾರಿನಲ್ಲಿ ಹೋಗಿ ಬನ್ನಿ. ಇದು ಮಗುವಿಗಲ್ಲ, ದೊಡ್ಡವರಿಗೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ. ನಿಮ್ಮಲ್ಲಿ ಯಾರಿಗೆ ಹೊಟ್ಟೆ ತೊಳೆಸುತ್ತದೋ ಅವರೇ ಹಡಗಿನಲ್ಲೂ ಮಲಗುವವರು, ಮಗು ನೋಡಿಕೊಳ್ಳುವ ಪಾಳಿಯನ್ನು ಅದರಂತೆ ಹಂಚಿಕೊಳ್ಳಿ.

ಐದನೇ ಹೆಜ್ಜೆ: ಡಾಕ್ಟರ ಹತ್ತಿರ

ಲಸಿಕೆ ಬಾಕಿ ಇದ್ದರೆ ಹೊರಡುವುದಕ್ಕೆ ಎರಡು ವಾರ ಮುಂಚೆ ಹಾಕಿಸಿ. ಎಮ್‌ಆರ್ ಲಸಿಕೆಯ ಜ್ವರ ಕೆಲವು ಮಕ್ಕಳಿಗೆ ವಾರ ಹತ್ತು ದಿನ ಬಿಟ್ಟು ಬರುತ್ತದೆ, ಅದು ಮನೆಯಲ್ಲೇ ಬಂದು ಹೋಗಲಿ.

ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕೆಂದು ಮಗುವಿನ ಈಗಿನ ತೂಕ ಹಾಕಿಸಿ ಬರೆಸಿಕೊಳ್ಳಿ. ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸ್‌ನ ಒಂದು ಎಮ್‌ಎಲ್‌ನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಔಷಧ ಇರುತ್ತದೆ. ಸಿರಪ್‌ನಲ್ಲಿ ಅಷ್ಟೇ ಔಷಧಕ್ಕೆ ಹೆಚ್ಚು ಎಮ್‌ಎಲ್ ಬೇಕು. ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಟ್ಟರೆ ಅಪಾಯ. ದೊಡ್ಡವರ ವಾಂತಿ ಮಾತ್ರೆಯನ್ನು ಪುಡಿ ಮಾಡಿ ಮಗುವಿಗೆ ಕೊಡುವ ಯೋಚನೆಯೇ ಬೇಡ. ಆ ಜಾತಿಯ ಪ್ರೊಮೆಥಜೀನ್ ಎರಡು ವರ್ಷದೊಳಗಿನವರ ಉಸಿರಾಟಕ್ಕೇ ಕುತ್ತು ತರಬಹುದು. ಎದೆಹಾಲು ಕುಡಿಸುವ ತಾಯಿ ಕೂಡ ಕೇಳದೆ ತೆಗೆದುಕೊಳ್ಳಬಾರದು. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಡೈಪರ್ ಗಾಯಕ್ಕೆ ಮುಲಾಮು ಚೀಲದಲ್ಲಿರಲಿ.

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಪುಕ್ಕಟೆಯಲ್ಲ, ಮಕ್ಕಳ ತಜ್ಞರೂ ಅಲ್ಲ. ಮಗುವಿನ ಹೆಸರೂ ಸೇರಿದ ಪ್ರವಾಸ ವಿಮೆ ಮಾಡಿಸಿ.

ಆರನೇ ಹೆಜ್ಜೆ: ಹೊರಡುವ ದಿನ

ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ ಹೆಬ್ಬಾಳದ ಮೇಲೆ ಹೋಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಿರಿ; ಹೊಸ ಹೆದ್ದಾರಿ ಆದ ಮೇಲೆ ಮಗು ಎದ್ದೇಳುವ ಮುಂಚೆ ತಲುಪುತ್ತೀರಿ. ಚಿಕ್ಕಬಳ್ಳಾಪುರದವರ ಅದೃಷ್ಟವೇ ಬೇರೆ, ನಿಲ್ದಾಣ ಅವರ ಹಿತ್ತಲಲ್ಲೇ ಇದ್ದಂತೆ. ವಿಮಾನ ಇಳಿಯಲು ಶುರುವಾದಾಗ ಹಾಲು ಕುಡಿಸಿ, ನುಂಗುತ್ತಿದ್ದರೆ ಕಿವಿ ನೋಯುವುದಿಲ್ಲ. ಸಾಧ್ಯವಾದರೆ ಹಿಂದಿನ ದಿನವೇ ಬಂದರಿನ ಊರು ಸೇರಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಚೀಟಿ ಕಟ್ಟಿ ತೆಗೆದುಕೊಳ್ಳುತ್ತಾರೆ, ಅವು ಕೋಣೆಗೆ ಬರುವುದು ಸಂಜೆಗೆ. ಕೈಚೀಲದಲ್ಲಿ ಆರು ಡೈಪರ್, ಎರಡು ಜೊತೆ ಬಟ್ಟೆ, ಎರಡು ಹೊತ್ತಿನ ಆಹಾರ, ಔಷಧ, ಕುಲಾವಿ, ಕಾಲುಚೀಲ ಇರಲಿ. ಒಳಗೆ ಏಸಿ ಚಳಿ ನಡುಗಿಸುತ್ತದೆ. ಡೈಪರ್‌ಗಳನ್ನು ದಿನಕ್ಕೆ ಎಂಟರ ಲೆಕ್ಕದಲ್ಲಿ ಎರಡು ದಿನಕ್ಕೆ ಹೆಚ್ಚುವರಿ ಸೇರಿಸಿ ಒಯ್ಯಿರಿ. ಹಡಗಿನ ಅಂಗಡಿಯಲ್ಲಿ ವಾಚು, ಸೆಂಟು ಸಿಗುತ್ತದೆ, ಡೈಪರ್ ನಂಬುವಂತಿಲ್ಲ. ತಳ್ಳುಗಾಡಿ ಛತ್ರಿಯಂತೆ ಮಡಚುವಂಥದ್ದೇ ಇರಲಿ. ಓಣಿಯಲ್ಲಿ ಬಿಡಲು ಒಪ್ಪುವುದಿಲ್ಲ, ಕೋಣೆಯ ಬಾಗಿಲು ಕಿರಿದು.

ಏಳನೇ ಹೆಜ್ಜೆ: ಹಡಗಿನೊಳಗೆ

ಹತ್ತಿದ ಕೂಡಲೇ ಕೋಣೆ ನೋಡಿಕೊಳ್ಳುವವರನ್ನು ಕರೆದು ಮಗುವಿನ ಲೈಫ್ ಜಾಕೆಟ್ ಕೇಳಿ. 15 ಕಿಲೋ ಒಳಗಿನ ಕೂಸಿನದ್ದೇ ಬೇರೆ ಇರುತ್ತದೆ. ಒಮ್ಮೆ ತೊಡಿಸಿ, ಪಟ್ಟಿ ಎಳೆದು ನೋಡಿ, ಫೋಟೊ ತೆಗೆದು, ಬಿಚ್ಚಿಡಿ. ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಎಲ್ಲರಿಗೂ ಸುರಕ್ಷತಾ ತಾಲೀಮು ಇರುತ್ತದೆ. ಇಟಲಿಯ ಬಳಿ 2012ರಲ್ಲಿ ಕೋಸ್ಟಾ ಕಾಂಕೋರ್ಡಿಯಾ ಅನ್ನುವ ಕ್ರೂಸ್ ಹಡಗು ಮಗುಚಿದ ಮೇಲೆ ಬಂದ ಕಟ್ಟುನಿಟ್ಟು ಇದು. ಸೈರನ್ ಜೋರು, ಮಗುವಿನ ಕಿವಿ ಮುಚ್ಚಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ಮರೆಯಾದ ಮೇಲೆ ಫೋನು ಹಡಗಿನ ಸ್ಯಾಟಲೈಟ್ ಜಾಲಕ್ಕೆ ತಾನಾಗಿ ಅಂಟಿಕೊಂಡರೆ ಬಿಲ್ಲು ನೋಡಿ ಕಣ್ಣು ಕತ್ತಲೆ ಬರುತ್ತದೆ.

ಈಜುಕೊಳಕ್ಕೆ ಡೈಪರ್ ಹಾಕುವ ಮಕ್ಕಳನ್ನು ಹೆಚ್ಚಿನ ಹಡಗುಗಳು ಇಳಿಸಲು ಬಿಡುವುದಿಲ್ಲ, ಈಜಿನ ಡೈಪರ್ ಹಾಕಿದ್ದರೂ ಅಷ್ಟೇ. ಜಗಳ ಮಾಡಬೇಡಿ, ನಿಯಮ ಸರಿಯಾಗಿಯೇ ಇದೆ. ಹಡಗಿನಲ್ಲಿ ವಾಂತಿಭೇದಿ ಹಬ್ಬಿಸುವ ನೋರೋ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಎತ್ತಿ ಮುದ್ದಾಡಲು ಬರುವವರು ಬಹಳ ಇರುತ್ತಾರೆ. ಗುಜರಾತಿ ಅಜ್ಜಿಯೊಬ್ಬರು ನಮ್ಮ ಮಗಳನ್ನು ಅರ್ಧ ಗಂಟೆ ಕೊಡಲೇ ಇಲ್ಲ. ನಗುತ್ತಲೇ "ಕೈ ತೊಳೆದು ಬನ್ನಿ" ಅನ್ನುವುದನ್ನು ಕಲಿಯಿರಿ.

ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಡೆಕ್ ಚೆಂದ. ಉಳಿದ ಹೊತ್ತು ಬಿಸಿಲು ನೀರಿಗೆ ಬಡಿದು ಕೆಳಗಿನಿಂದಲೂ ಸುಡುತ್ತದೆ, ಟೊಪ್ಪಿಗೆ ಹಾಕಿದ್ದೇವೆ ಅಂತ ಮೈಮರೆಯಬೇಡಿ. ರಾತ್ರಿಯ ಕಾರ್ಯಕ್ರಮಕ್ಕೆ ಇಬ್ಬರು ಹೋಗಿ, ಒಬ್ಬರು ಮಗುವಿನ ಹತ್ತಿರ ಉಳಿಯಿರಿ, ಮರುದಿನ ಬದಲಾಯಿಸಿಕೊಳ್ಳಿ. ಅತ್ತೆ ಎರಡೂ ದಿನ ಮ್ಯಾಜಿಕ್ ನೋಡಲು ಹೋದರು.

ಎಂಟನೇ ಹೆಜ್ಜೆ: ಕೊನೆಯ ರಾತ್ರಿ

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ರಾತ್ರೋರಾತ್ರಿ ಒಯ್ಯುತ್ತಾರೆ. ಬೆಳಗಿನ ಬಟ್ಟೆ, ಡೈಪರ್, ಆಹಾರ, ಕಾಗದಪತ್ರ ಮೊದಲು ಕೈಚೀಲಕ್ಕೆ ಹಾಕಿ, ಆಮೇಲೆ ಪೆಟ್ಟಿಗೆಯ ಜಿಪ್ ಎಳೆಯಿರಿ. ನಾನು ಅಚ್ಚುಕಟ್ಟಾಗಿ ಎಲ್ಲವನ್ನೂ ಮಡಚಿ ಪೆಟ್ಟಿಗೆಗೇ ತುಂಬಿ ಹೊರಗಿಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಮಗಳು ಡೈಪರ್ ತುಂಬಿ ಉಟ್ಟ ಬಟ್ಟೆಯನ್ನೂ ಒದ್ದೆ ಮಾಡಿಕೊಂಡಳು. ಮುಂಬೈ ಬಂದರಿನಲ್ಲಿ ಅವಳು ಇಳಿದದ್ದು ಅವರಪ್ಪನ ಬನಿಯನ್ನಿನಲ್ಲಿ, ಅಜ್ಜಿಯ ಸೆರಗು ಸುತ್ತಿಕೊಂಡು.